ಕಂಪ್ಯೂಟರಿನ ಫೈಲುಗಳಿಗೆ ಬೀಗ ಬಿದ್ದರೆ: ಫಾರ್ಮ್ಯಾಟ್ ಮಾಡಿಸುವ ಮೊದಲು ಇದನ್ನು ಓದಿ

ನಮ್ಮ ಮನೆಯ ಕಂಪ್ಯೂಟರಿಗೆ ರಾನ್ಸಮ್‌ವೇರ್ ಬಂದಿತ್ತು. ನಮ್ಮದೇ ಫೈಲುಗಳಿಗೆ ಬೀಗ ಹಾಕಿ, ಕೀಲಿ ಬೇಕಾದರೆ ದುಡ್ಡು ಕೊಡಿ ಅನ್ನುವ ವೈರಸ್ ಅದು. ಅದರ ಹಿಂದಿನ ಓಡಾಟವೆಲ್ಲ ಮುಗಿದು ಈಗಷ್ಟೇ ಉಸಿರು ಬಿಡುತ್ತಿದ್ದೇವೆ. ಕಳ್ಳರಿಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಆದರೂ ಅಪ್ಪನ ಧ್ವನಿಮುದ್ರಣಗಳು ಹೆಚ್ಚುಕಡಿಮೆ ಪೂರ್ತಿ ವಾಪಸು ಬಂದಿವೆ. ಫೋಟೋಗಳಲ್ಲಿ ಒಂದು ಪಾಲು ಬಂದಿದೆ. ಟೈಪ್ ಮಾಡಿಟ್ಟಿದ್ದ ಬರಹಗಳಲ್ಲಿ ಒಂದಷ್ಟು ಇನ್ನೂ ಬೀಗದೊಳಗೇ ಇವೆ.

ಆ ದಿನಗಳಲ್ಲಿ ಕೇಳಿದವರೆಲ್ಲ ನಮಗೆ ಹೇಳಿದ್ದು ಒಂದೇ ಮಾತು: "ಎಲ್ಲ ಹೋಯ್ತು ಸಾರ್, ಫಾರ್ಮ್ಯಾಟ್ ಹೊಡೆಸಿಬಿಡಿ." ಅದನ್ನು ಕೇಳಿದ್ದರೆ ನಿಜವಾಗಿಯೂ ಎಲ್ಲ ಹೋಗುತ್ತಿತ್ತು. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಹೀಗಾಗಿ ಏನೂ ತೋಚದೆ ಕೂತಿದ್ದರೆ, ಮೊದಲು ಆ ಕಂಪ್ಯೂಟರಿನ ನೆಟ್ ವೈರು ಕಿತ್ತು, ಪೆನ್ ಡ್ರೈವ್ ತೆಗೆದು, ಆಫ್ ಮಾಡಿ. ಆಮೇಲೆ ಫೋನಿನಲ್ಲಿ ಇದನ್ನು ಓದಿ.

ನಾವು ಇರುವುದು ಶಿವಮೊಗ್ಗದಲ್ಲಿ, ಮೂಲ ಸಾಗರದ ಕಡೆ. ಅಪ್ಪ ನಿವೃತ್ತ ಮೇಷ್ಟ್ರು. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುವ ಅಂಟಿಗೆ-ಪಂಟಿಗೆಯವರ ಪದಗಳನ್ನು, ಮದುವೆ ಮನೆಯಲ್ಲಿ ಹೆಂಗಸರು ಹಾಡುವ ಹಾಡುಗಳನ್ನು ಎಷ್ಟೋ ವರ್ಷಗಳಿಂದ ಸಣ್ಣ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದಾರೆ. ಕೇಳಿಕೊಂಡು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಾರೆ. ಹಾಡಿದವರ ಫೋಟೋ, ಊರು, ವಯಸ್ಸು ಎಲ್ಲ ಸೇರಿಸಿ ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್. ಅವರಲ್ಲಿ ಕೆಲವರು ಈಗಿಲ್ಲ. ನನ್ನ ಅಜ್ಜಿಯೂ ಇಲ್ಲ. ಅವಳ ದನಿ ಇದ್ದದ್ದು ಆ ಕಂಪ್ಯೂಟರಿನಲ್ಲಿ ಮತ್ತು ಅದರ ಬ್ಯಾಕಪ್ ಡಿಸ್ಕಿನಲ್ಲಿ ಮಾತ್ರ. ವೈರಸ್ ಬಂದ ಹೊತ್ತಿಗೆ ಅಪ್ಪ ಹೊಸ ರೆಕಾರ್ಡಿಂಗ್ ತುಂಬಿಸಲು ಬ್ಯಾಕಪ್ ಡಿಸ್ಕನ್ನೂ ಚುಚ್ಚಿಟ್ಟಿದ್ದರು. ಹಾಗಾಗಿ ಎರಡಕ್ಕೂ ಬೀಗ ಬಿತ್ತು.

ವೈರಸ್ ಬಂದದ್ದು ಹೀಗೆ. ಅಕ್ಕನ ಮಗ ಡಿಗ್ರಿ ಓದುತ್ತಿದ್ದಾನೆ. ಕಾಲೇಜಿನ ಕಾರ್ಯಕ್ರಮಕ್ಕೆ ವಿಡಿಯೋ ಎಡಿಟ್ ಮಾಡಿಕೊಡಬೇಕಿತ್ತು. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರನ್ನು ಪುಕ್ಕಟೆ ಕೊಡುತ್ತೇವೆ ಅನ್ನುವ ಒಂದು ಪೇಜಿನಿಂದ ಜಿಪ್ ಫೈಲ್ ಇಳಿಸಿದ. ಅದಕ್ಕೆ ಪಾಸ್‌ವರ್ಡ್ ಇತ್ತು. ಇನ್‌ಸ್ಟಾಲ್ ಮಾಡುವಾಗ ಆಂಟಿವೈರಸ್ ಆಫ್ ಮಾಡಿ ಅಂತಲೂ ಅಲ್ಲೇ ಬರೆದಿತ್ತು. ಈ ಎರಡು ಒಟ್ಟಿಗೆ ಕಂಡರೆ ಅಲ್ಲೇ ನಿಲ್ಲಿಸಿಬಿಡಬೇಕು. ಜಿಪ್‌ಗೆ ಪಾಸ್‌ವರ್ಡ್ ಹಾಕುವುದೇ ಆಂಟಿವೈರಸ್ ಒಳಗೆ ಇಣುಕಿ ನೋಡದಿರಲಿ ಅಂತ. ಇದು ನನಗೆ ಆಮೇಲೆ ಗೊತ್ತಾಯಿತು.

ಓಪನ್ ಮಾಡಿದ ಮೇಲೆ ಏನೂ ಇನ್‌ಸ್ಟಾಲ್ ಆಗಲಿಲ್ಲ. ಹಾರ್ಡ್ ಡಿಸ್ಕಿನ ಲೈಟು ಮಾತ್ರ ಬಿಡದೆ ಮಿನುಗುತ್ತಿತ್ತಂತೆ. ಸ್ವಲ್ಪ ಹೊತ್ತಿಗೆ ಡೆಸ್ಕ್‌ಟಾಪಿನ ಐಕಾನುಗಳೆಲ್ಲ ಬಿಳಿ ಹಾಳೆಯಂತಾದವು. ಹುಡುಗ ಹೆದರಿ ಕಂಪ್ಯೂಟರ್ ಆಫ್ ಮಾಡಿದ. ಮತ್ತೆ ಆನ್ ಮಾಡಿದ. ಆಂಟಿವೈರಸ್ ಕಂಪನಿಗಳ ಸೈಟು ತೆರೆಯಲು ನೋಡಿದರೆ ಅವು ಯಾವುದೂ ತೆರೆಯಲಿಲ್ಲ. ಉಳಿದ ಸೈಟುಗಳೆಲ್ಲ ಸರಿಯಾಗಿ ಬರುತ್ತಿದ್ದವು. ರಾತ್ರಿಯಿಡೀ ಯಾರಿಗೂ ಹೇಳದೆ ಒದ್ದಾಡಿದ್ದಾನೆ. ಬೆಳಿಗ್ಗೆ ಅಪ್ಪ "ಹಾಡು ಯಾವ್ದೂ ತೆರೀತಿಲ್ವಲ್ಲೋ" ಅಂದಾಗ ಅಳುತ್ತಾ ಬಂದು, "ಮಾವ, ನನ್ನಿಂದಲೇ ಆಗಿದ್ದು" ಅಂದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆಯ ಮಕ್ಕಳಿಂದ ಹೀಗಾದರೆ ದಯವಿಟ್ಟು ಬೈಯಬೇಡಿ. ನಮಗೆ ಮುಂದೆ ದಾರಿ ಸಿಕ್ಕಿದ್ದೇ ಅವನು ಹೇಳಿದ ವಿವರಗಳಿಂದ. ಯಾವ ಪೇಜು, ಎಷ್ಟು ಹೊತ್ತಿಗೆ, ಎಷ್ಟು ಸಲ ಆನ್-ಆಫ್ ಮಾಡಿದೆ ಅನ್ನುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿಕೊಂಡೆ. ಪೊಲೀಸ್ ದೂರಿಗೂ ಅದೇ ಹಾಳೆ ಉಪಯೋಗಕ್ಕೆ ಬಂತು. ಹೆದರಿಸಿದ್ದರೆ ಅರ್ಧ ಹೇಳಿ ಅರ್ಧ ಬಿಡುತ್ತಿದ್ದ. ಅಪ್ಪ ಆ ಹೊತ್ತಿನಲ್ಲೂ ಮೊಮ್ಮಗನ ತಲೆ ಸವರಿ "ಊಟ ಮಾಡು ಮೊದಲು" ಅಂದರು. ಅವರು ಮಾತ್ರ ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಪ್ರತಿ ಫೈಲಿನ ಹೆಸರಿನ ಕೊನೆಗೆ ನಾಲ್ಕು ಇಂಗ್ಲಿಷ್ ಅಕ್ಷರಗಳ ಬಾಲ ಅಂಟಿಕೊಂಡಿತ್ತು. ಪ್ರತಿ ಫೋಲ್ಡರಿನಲ್ಲೂ ರೀಡ್‌ಮಿ ಅಂತ ಒಂದು ಟೆಕ್ಸ್ಟ್ ಫೈಲ್. ಅದರಲ್ಲಿ ಇದ್ದದ್ದು: ನಿಮ್ಮ ಎಲ್ಲ ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿದ್ದೇವೆ, ಕೀಲಿಗೆ 980 ಡಾಲರ್, 72 ಗಂಟೆಯೊಳಗೆ ಬಂದರೆ ಅರ್ಧ ಬೆಲೆ, 490 ಡಾಲರ್. ಅರ್ಧ ಬೆಲೆಯೇ ನಮ್ಮ ದುಡ್ಡಿನಲ್ಲಿ ನಲವತ್ತು ಸಾವಿರಕ್ಕೆ ಕಡಿಮೆಯಿಲ್ಲ. ಒಂದು ಫೈಲನ್ನು ಪುಕ್ಕಟೆ ಬಿಡಿಸಿ ತೋರಿಸುತ್ತೇವೆ ಅಂತಲೂ ಬರೆದಿದ್ದರು. ಕೆಳಗೆ ಎರಡು ಈಮೇಲ್ ವಿಳಾಸ, ಒಂದು ಉದ್ದನೆಯ ಐಡಿ.

ಆ 72 ಗಂಟೆ ಮನಸ್ಸನ್ನು ಹಿಂಡುತ್ತದೆ. ಅಕ್ಕ ತನ್ನ ಬಳೆ ಅಡವಿಡುವ ಮಾತಾಡಿದಳು. "ಅಜ್ಜಿ ದನಿ ವಾಪಸು ಸಿಗೋದಾದ್ರೆ ಕೊಟ್ಟುಬಿಡೋಣ" ಅಂದಳು. ಕೊಟ್ಟವರಿಗೆಲ್ಲ ಕೀಲಿ ಸಿಗುತ್ತದೆ ಅನ್ನುವ ಖಾತ್ರಿ ಯಾರೂ ಕೊಡಲಾರರು. ಕೊಟ್ಟ ದುಡ್ಡು ಇನ್ನೊಂದು ಮನೆಗೆ ಬೀಗ ಹಾಕಲು ಹೋಗುತ್ತದೆ. ಅಪ್ಪನೇ ಬೇಡ ಅಂದರು. ಗಡುವಿಗೆ ಹೆದರಬೇಡಿ. ನಮಗೆ ಬಂದಂಥ ವೈರಸ್ಸಿನಲ್ಲಿ ಗಂಟೆ ಮುಗಿದರೆ ಅವರು ಕೇಳುವ ಬೆಲೆ ಏರುತ್ತದೆ ಅಷ್ಟೆ, ಫೈಲುಗಳು ಅಳಿಸಿಹೋಗುವುದಿಲ್ಲ.

ಮೊದಲು ಹೋದದ್ದು ಕಂಪ್ಯೂಟರ್ ರಿಪೇರಿ ಅಂಗಡಿಗೆ. ಅಂಗಡಿಯ ಹುಡುಗ ನೋಡಿ, ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಲು 800 ರೂಪಾಯಿ, ಸಂಜೆ ಬನ್ನಿ ಅಂದ. ಹಳೆಯ ಡಿಸ್ಕನ್ನು ಹಾಗೇ ಇಟ್ಟು ಬೇರೆ ಡಿಸ್ಕಿಗೆ ಹಾಕಿಕೊಡ್ತೀರಾ ಅಂತ ಕೇಳಿದೆ. "ಇಟ್ಕೊಂಡು ಏನ್ ಮಾಡ್ತೀರಿ ಸಾರ್?" ಅಂದ. ವಾಪಸು ತಂದೆ. ಆಮೇಲೆ ಬೆಂಗಳೂರಿನ ಒಂದು ಡೇಟಾ ರಿಕವರಿ ಅಂಗಡಿಗೆ ಫೋನ್ ಮಾಡಿದೆ. ಪರೀಕ್ಷೆಗೆ 3,000, ಫೈಲ್ ಬಿಡಿಸಲು 45,000, ನೂರಕ್ಕೆ ನೂರು ಗ್ಯಾರಂಟಿ ಅಂದರು. ಹೇಗೆ ಬಿಡಿಸ್ತೀರಿ ಅಂತ ಎರಡು ಮೂರು ರೀತಿಯಲ್ಲಿ ಕೇಳಿದರೂ "ನಮ್ಮದೇ ವಿಧಾನ ಇದೆ" ಅನ್ನುವುದು ಬಿಟ್ಟು ಬೇರೆ ಉತ್ತರ ಬರಲಿಲ್ಲ. ಅಮೆರಿಕದಲ್ಲಿ ಇಂಥ ಕೆಲವು ಕಂಪನಿಗಳು ಗುಟ್ಟಾಗಿ ಕಳ್ಳರಿಗೇ ದುಡ್ಡು ಕೊಟ್ಟು, ಗಿರಾಕಿಯಿಂದ ಅದಕ್ಕಿಂತ ಜಾಸ್ತಿ ವಸೂಲಿ ಮಾಡುತ್ತಿದ್ದುದನ್ನು 2019ರಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಬಯಲಿಗೆಳೆದಿತ್ತು. ಅದನ್ನು ಓದಿದ ಮೇಲೆ ಆ ಅಂಗಡಿಯ ದಾರಿ ಬಿಟ್ಟೆ. ವಿಧಾನ ಹೇಳದೆ ಗ್ಯಾರಂಟಿ ಕೊಡುವವರನ್ನು ನಂಬಬೇಡಿ.

ಇಷ್ಟು ಅಲೆದ ಮೇಲೆ ಅರ್ಥವಾಯಿತು, ಬಂದಿರುವ ವೈರಸ್ ಯಾವುದು ಅಂತ ಗೊತ್ತಾಗದೆ ಮುಂದೆ ಹೆಜ್ಜೆ ಇಡುವಂತಿಲ್ಲ. ಅದಕ್ಕೆ ಎರಡು ಪುಕ್ಕಟೆ ಜಾಗಗಳಿವೆ. ಒಂದು ಐಡಿ ರಾನ್ಸಮ್‌ವೇರ್, ಅಮೆರಿಕದ ಮೈಕಲ್ ಗಿಲೆಸ್ಪಿ ಎಂಬ ಪ್ರೋಗ್ರಾಮರ್ ಕಟ್ಟಿದ್ದು. ಇನ್ನೊಂದು ನೋ ಮೋರ್ ರಾನ್ಸಮ್, 2016ರಲ್ಲಿ ನೆದರ್ಲೆಂಡ್ಸ್ ಪೊಲೀಸರು, ಯೂರೋಪಿನ ದೇಶಗಳ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತು ಎರಡು ಆಂಟಿವೈರಸ್ ಕಂಪನಿಗಳು ಸೇರಿ ಶುರುಮಾಡಿದ್ದು. ಬೆದರಿಕೆಯ ಪತ್ರ ಮತ್ತು ಬೀಗ ಬಿದ್ದ ಒಂದು ಫೈಲನ್ನು ಅಲ್ಲಿಗೆ ಏರಿಸಿದರೆ ವೈರಸ್ಸಿನ ಹೆಸರು ಹೇಳುತ್ತದೆ. ಏರಿಸಲು ಆಧಾರ್, ಬ್ಯಾಂಕ್ ಕಾಗದದಂಥ ಫೈಲ್ ಆರಿಸಬೇಡಿ. ಯಾವುದಾದರೂ ಸಾಮಾನ್ಯ ಚಿತ್ರ ಸಾಕು. ನಾನು ಈ ಕೆಲಸವನ್ನೆಲ್ಲ ಅಕ್ಕನ ಲ್ಯಾಪ್‌ಟಾಪಿನಲ್ಲಿ ಮಾಡಿದೆ.

ಉತ್ತರ ಬಂತು: ಸ್ಟಾಪ್, ಇನ್ನೊಂದು ಹೆಸರು ಡಿಜೆವಿಯು. ಕಂಪನಿಗಳಿಗಿಂತ ಮನೆ ಕಂಪ್ಯೂಟರುಗಳನ್ನೇ ಹಿಡಿಯುವ ವೈರಸ್ ಇದು. 2018ರಿಂದ ಇದೆ. ಕ್ರ್ಯಾಕ್ ಸಾಫ್ಟ್‌ವೇರ್ (ದುಡ್ಡು ಕೊಡಬೇಕಾದ್ದನ್ನು ಕದ್ದು ಪುಕ್ಕಟೆ ಹಂಚುವುದು) ಮತ್ತು ವಿಂಡೋಸ್, ಆಫೀಸುಗಳನ್ನು ಪುಕ್ಕಟೆ ಆಕ್ಟಿವೇಟ್ ಮಾಡುವ ಸಾಧನಗಳ ಜೊತೆಯಲ್ಲೇ ಹೆಚ್ಚಾಗಿ ಬರುತ್ತದೆ. ನೂರಾರು ರೂಪಗಳಿವೆ, ಫೈಲಿಗೆ ಅಂಟುವ ಬಾಲ ಪ್ರತಿ ರೂಪಕ್ಕೂ ಬೇರೆ.

ಇದರ ಬಗ್ಗೆ ಓದುತ್ತಾ ಹೋದಾಗ ಎರಡು ಸಂಗತಿ ಸಿಕ್ಕವು. ಮೊದಲನೆಯದು ಕೀಲಿಯ ವಿಷಯ. ಈ ವೈರಸ್ ಕೆಲಸ ಶುರುಮಾಡುವ ಮೊದಲು ತನ್ನ ಯಜಮಾನರ ಸರ್ವರಿಗೆ ಕರೆ ಮಾಡಿ, ಆ ಕಂಪ್ಯೂಟರಿಗೆಂದೇ ಒಂದು ಹೊಸ ಕೀಲಿ ತರಿಸಿಕೊಳ್ಳುತ್ತದೆ. ಇದಕ್ಕೆ ಆನ್‌ಲೈನ್ ಕೀಲಿ ಅನ್ನುತ್ತಾರೆ. ಸರ್ವರ್ ಸಿಗದಿದ್ದರೆ ತನ್ನೊಳಗೇ ಇರುವ ಒಂದು ಕೀಲಿ ಬಳಸುತ್ತದೆ. ಇದು ಆಫ್‌ಲೈನ್ ಕೀಲಿ. ಆ ರೂಪದ ವೈರಸ್ ಬಂದವರಲ್ಲಿ ಆಫ್‌ಲೈನ್ ಕೀಲಿ ಬಿದ್ದ ಎಲ್ಲರಿಗೂ ಇದು ಒಂದೇ. ಒಬ್ಬರ ಹತ್ತಿರ ಅದು ಸಿಕ್ಕರೆ ಉಳಿದವರ ಬೀಗವೂ ತೆಗೆಯುತ್ತದೆ. ನಿಮ್ಮದು ಯಾವುದು ಅಂತ ತಿಳಿಯುವುದು ಸುಲಭ. ಸಿ ಡ್ರೈವಿನಲ್ಲಿ ಸಿಸ್ಟಮ್ ಐಡಿ ಎಂಬ ಫೋಲ್ಡರ್, ಅದರೊಳಗೆ ಪರ್ಸನಲ್ ಐಡಿ ಎಂಬ ಟೆಕ್ಸ್ಟ್ ಫೈಲ್ ಇರುತ್ತದೆ. ಅಲ್ಲಿನ ಐಡಿ ಸಣ್ಣಕ್ಷರದ ಟಿ, ಆಮೇಲೆ 1 ಎಂದು ಕೊನೆಯಾದರೆ ಆಫ್‌ಲೈನ್ ಕೀಲಿ.

ನಮ್ಮ ಫೈಲಿನಲ್ಲಿ ಎರಡು ಐಡಿ ಇದ್ದವು! ಒಂದರ ಕೊನೆಗೆ ಟಿ1, ಇನ್ನೊಂದರ ಕೊನೆಗೆ ಬೇರೇನೋ. ಹುಡುಗ ಬರೆದುಕೊಟ್ಟ ಹಾಳೆ ಆಗ ನೆನಪಾಯಿತು. ಆನ್ ಮಾಡಿದ ಮೊದಲ ಸಲ ಸರ್ವರ್ ಸಿಕ್ಕಿಲ್ಲ, ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಸಿಕ್ಕಿದೆ ಅಂತ ಕಾಣುತ್ತದೆ. ಅಂದರೆ ಒಂದಷ್ಟು ಫೈಲುಗಳಿಗೆ ಆಸೆಯಿದೆ.

ಎರಡನೆಯ ಸಂಗತಿ ಇನ್ನೂ ದೊಡ್ಡದು. ಬೇಗ ಕೆಲಸ ಮುಗಿಸಬೇಕೆಂದು ಈ ವೈರಸ್ ಪೂರ್ತಿ ಫೈಲಿಗೆ ಬೀಗ ಹಾಕುವುದಿಲ್ಲ. ಮೊದಲ 150 ಕೆಬಿಯನ್ನು ಮಾತ್ರ ಕೆಡಿಸುತ್ತದೆ. ಸಣ್ಣ ಫೈಲಾದರೆ ಅಷ್ಟರಲ್ಲೇ ಮುಗಿಯಿತು. ಆದರೆ ನೂರಾರು ಎಂಬಿಯ ರೆಕಾರ್ಡಿಂಗಿನಲ್ಲಿ 150 ಕೆಬಿ ಎಷ್ಟರದ್ದು? ಇದನ್ನು ಓದಿದಾಗ ನನ್ನ ಕೈ ನಡುಗಿತು. ಅಪ್ಪನಿಗೆ ತಕ್ಷಣ ಹೇಳಲಿಲ್ಲ. ಆಸೆ ಹುಟ್ಟಿಸಿ ಆಮೇಲೆ ಇಲ್ಲ ಅನ್ನುವ ಧೈರ್ಯ ನನಗಿರಲಿಲ್ಲ.

ಮುಂದಿನದು ಫೈಲುಗಳನ್ನು ಸುರಕ್ಷಿತವಾಗಿ ಹೊರಗೆ ತರುವ ಕೆಲಸ. ವಿಂಡೋಸ್ ಆನ್ ಮಾಡುವ ಹಾಗಿಲ್ಲ. ಈ ವೈರಸ್ ಟೈಮ್ ಟ್ರಿಗರ್ ಟಾಸ್ಕ್ ಎಂಬ ಹೆಸರಿನಲ್ಲಿ ಐದೈದು ನಿಮಿಷಕ್ಕೊಮ್ಮೆ ತಾನೇ ಏಳುವ ಏರ್ಪಾಟು ಮಾಡಿಕೊಂಡಿರುತ್ತದೆ. ಹೊಸ ಪೆನ್ ಡ್ರೈವ್ ಚುಚ್ಚಿದರೆ ಅದಕ್ಕೂ ಬೀಗ. ಅದಕ್ಕೆ ಅಕ್ಕನ ಲ್ಯಾಪ್‌ಟಾಪಿನಲ್ಲಿ ವಿಂಡೋಸಿನ ಬದಲು ಓಡುವ ಲಿನಕ್ಸ್ ಮಿಂಟ್ ಇಳಿಸಿ, ರೂಫಸ್ ಎಂಬ ಸಣ್ಣ ಸಾಧನದಿಂದ ಪೆನ್ ಡ್ರೈವಿಗೆ ತುಂಬಿಸಿದೆ. ಅಪ್ಪನ ಕಂಪ್ಯೂಟರನ್ನು ಆ ಪೆನ್ ಡ್ರೈವಿನಿಂದ ಆನ್ ಮಾಡಿದರೆ ವಿಂಡೋಸ್ ಏಳುವುದೇ ಇಲ್ಲ, ವೈರಸ್ಸೂ ಏಳುವುದಿಲ್ಲ. ಡಿಸ್ಕಿನಲ್ಲಿರುವುದೆಲ್ಲ ಕಾಣಿಸುತ್ತದೆ. ಹೊಸ ಒಂದು ಟಿಬಿ ಹೊರ ಡಿಸ್ಕಿಗೆ, ಬೆದರಿಕೆ ಪತ್ರ ಮತ್ತು ಐಡಿ ಫೈಲು ಸೇರಿ, ಎಲ್ಲವನ್ನೂ ನಕಲು ಮಾಡಿದೆ. ಹಳೆಯ ಡಿಸ್ಕು ನಿಧಾನ. ರಾತ್ರಿ ಶುರುವಾದದ್ದು ಮಾರನೆಯ ಮಧ್ಯಾಹ್ನದವರೆಗೂ ನಡೆಯಿತು.

ಆಗಲೇ ಹೋಸ್ಟ್ಸ್ ಎಂಬ ಫೈಲನ್ನೂ ತೆರೆದು ನೋಡಿದೆ. ವಿಂಡೋಸ್ ಫೋಲ್ಡರಿನಲ್ಲಿ ಸಿಸ್ಟಮ್ 32, ಡ್ರೈವರ್ಸ್, ಇಟಿಸಿ, ಅದರೊಳಗೆ ಇರುತ್ತದೆ. ಆಂಟಿವೈರಸ್ ಕಂಪನಿಗಳ, ಸಹಾಯ ಸಿಗುವ ಸೈಟುಗಳ ಹೆಸರು ಅದರ ತುಂಬ. ಆ ವಿಳಾಸಗಳು ತೆರೆಯದಂತೆ ವೈರಸ್ಸೇ ಬರೆದಿಟ್ಟದ್ದು. ಹುಡುಗ ಆ ರಾತ್ರಿ ಎಷ್ಟು ಹುಡುಕಿದರೂ ಸಹಾಯ ಸಿಗದಿದ್ದುದಕ್ಕೆ ಕಾರಣ ಇದೇ.

ಬೀಗ ತೆಗೆಯುವ ಸಾಧನಕ್ಕೆ ಡಿಕ್ರಿಪ್ಟರ್ ಅನ್ನುತ್ತಾರೆ. ಈ ವೈರಸ್ಸಿಗೆ ನಾನು ನಂಬಿದ್ದು ಎಮ್ಸಿಸಾಫ್ಟ್ ಕಂಪನಿ 2019ರ ಅಕ್ಟೋಬರಿನಲ್ಲಿ ಪುಕ್ಕಟೆ ಬಿಟ್ಟದ್ದನ್ನು. ಗಿಲೆಸ್ಪಿಯವರದೇ ಕೆಲಸ. ಹುಡುಕಿದರೆ ಇದೇ ಹೆಸರಿನ ಬೇರೆ ಬೇರೆ ಡಿಕ್ರಿಪ್ಟರುಗಳು, ವಿಡಿಯೋಗಳು ಸಾಲು ಸಾಲು ಸಿಗುತ್ತವೆ. ಮುಟ್ಟಬೇಡಿ. 2020ರ ಜೂನ್‌ನಲ್ಲಿ ಜೊರಾಬ್ ಎಂಬ ಇನ್ನೊಂದು ರಾನ್ಸಮ್‌ವೇರ್ ಇದೇ ಡಿಜೆವಿಯು ಡಿಕ್ರಿಪ್ಟರಿನ ವೇಷ ಹಾಕಿ ಬಂದು, ಬೀಗದ ಮೇಲೆ ಇನ್ನೊಂದು ಬೀಗ ಹಾಕಿತ್ತು. ನೊಂದವರನ್ನೇ ಹುಡುಕಿ ಮತ್ತೆ ಸುಲಿಯುವುದು. ಕಂಪನಿಯ ಸ್ವಂತ ಸೈಟಿನಿಂದ ಅಥವಾ ನೋ ಮೋರ್ ರಾನ್ಸಮ್‌ನಿಂದ ಮಾತ್ರ ಇಳಿಸಿಕೊಳ್ಳಿ.

ನಕಲಿನ ಒಂದು ಪ್ರತಿಯ ಮೇಲೆ ಅದನ್ನು ಓಡಿಸಿದೆ. ಓಡುವಾಗ ನೆಟ್ ಇರಬೇಕು, ಕೀಲಿಯನ್ನು ಕಂಪನಿಯ ಸರ್ವರಿನಿಂದ ಕೇಳಿ ತರುತ್ತದೆ. ಒಂದೊಂದೇ ಸಾಲು ಮೇಲೇರುತ್ತಿತ್ತು. ಆನ್‌ಲೈನ್ ಐಡಿ, ಬಿಡಿಸಲು ಸಾಧ್ಯವಿಲ್ಲ. ಆನ್‌ಲೈನ್ ಐಡಿ, ಸಾಧ್ಯವಿಲ್ಲ. ಪುಟಗಟ್ಟಲೆ ಇದೇ. ನಡುವೆ ಒಂದು ಕಡೆ ಬಿಡಿಸಲಾಗಿದೆ ಅಂತ ಕಂಡಿತು. ಮತ್ತೊಂದು. ಆಮೇಲೆ ಸಾಲಾಗಿ ಬರತೊಡಗಿದವು. ಬ್ಯಾಂಕಿನ ಕಾಗದ, ಅಪ್ಪನ ಪಿಂಚಣಿ ದಾಖಲೆಗಳ ಸ್ಕ್ಯಾನು, ಹೆಣ್ಣುಮಕ್ಕಳ ಹಾಡಿನ ಟೈಪ್ ಪ್ರತಿಗಳು. ಟಿ1 ಐಡಿಯ ಫೈಲುಗಳೆಲ್ಲ ತೆರೆದವು. ಅಂಟಿಗೆ-ಪಂಟಿಗೆಯ ಟೈಪ್ ಪ್ರತಿಗಳು ಮತ್ತು ರೆಕಾರ್ಡಿಂಗಿನ ಇಡೀ ಫೋಲ್ಡರ್ ಆನ್‌ಲೈನ್ ಕೀಲಿಯ ಪಾಲಾಗಿದ್ದವು.

ಈಗ ಧ್ವನಿಯ ಕಥೆ. ಇದನ್ನು ಸ್ವಲ್ಪ ಜಾಸ್ತಿ ವಿವರಿಸುತ್ತೇನೆ, ಏಕೆಂದರೆ ಇದನ್ನು ನಮಗೆ ಯಾವ ಅಂಗಡಿಯವರೂ ಹೇಳಲಿಲ್ಲ.

ಅಪ್ಪನ ಹಳೆಯ ರೆಕಾರ್ಡಿಂಗುಗಳು ಎಂಪಿ3, ಆಮೇಲಿನವು ವೇವ್. ಎಂಪಿ3 ಫೈಲಿನ ಪ್ರತಿಯೊಂದು ತುಣುಕೂ ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ. ಶುರುವಿನ ಭಾಗ ಕೆಟ್ಟರೂ ಆಮೇಲಿನದು ಕೇಳಿಸುತ್ತದೆ. 128 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 16 ಕೆಬಿಯ ಲೆಕ್ಕ) ಮಾಡಿದ್ದಾದರೆ 150 ಕೆಬಿ ಅಂದರೆ ಹತ್ತು ಸೆಕೆಂಡಿಗೂ ಕಡಿಮೆ. ಒಂದು ಪ್ರತಿಯ ಹೆಸರಿನಿಂದ ಆ ನಾಲ್ಕಕ್ಷರದ ಬಾಲ ಅಳಿಸಿ ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದೆ. ಮೊದಲು ಏನೂ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ಅಜ್ಜಿ ಹಾಡುತ್ತಿದ್ದಳು. ಒಳಗಿದ್ದ ಅಪ್ಪ ಓಡಿ ಬಂದರು. ನಾನು ಏನೂ ಹೇಳಬೇಕಾಗಲಿಲ್ಲ.

ಎಲ್ಲ ಎಂಪಿ3ಗಳೂ ಹಾಗೆ ಸುಲಭವಾಗಿ ತೆರೆಯಲಿಲ್ಲ. ಕೆಲವನ್ನು ಪ್ಲೇಯರ್ ಗುರುತಿಸಲೇ ಇಲ್ಲ. ಅವಕ್ಕೆ ಡಿಸ್ಕ್‌ಟ್ಯೂನಾದವರ ಮೀಡಿಯಾ ರಿಪೇರ್ ಎಂಬ ಪುಕ್ಕಟೆ ಸಾಧನ ಬಳಸಿದೆ. ಈ ವೈರಸ್ ಕೆಡಿಸಿದ ಆಡಿಯೋ, ವಿಡಿಯೋ ಫೈಲುಗಳಿಗೆಂದೇ ಮಾಡಿದ್ದು. ವಿಡಿಯೋ ಸರಿಪಡಿಸಲು ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೋವನ್ನು ಮಾದರಿಯಾಗಿ ಕೊಡಬೇಕು. ಹಳೆಯ ಕ್ಯಾಮೆರಾ ಇದ್ದರೆ ಈಗ ಒಂದು ನಿಮಿಷ ಏನನ್ನಾದರೂ ತೆಗೆದರೂ ಆಯಿತು. ಕೆಟ್ಟು ಮೂಲೆಗೆ ಸೇರಿದ ಕ್ಯಾಮೆರಾವನ್ನೂ ಎಸೆಯಬೇಡಿ, ಅದರ ಕಾರ್ಡಿನಲ್ಲಿ ಹಳೆಯ ವಿಡಿಯೋ ಉಳಿದಿರಬಹುದು.

ವೇವ್ ಫೈಲುಗಳಿಗೆ ಆಡಾಸಿಟಿ ಎಂಬ ಪುಕ್ಕಟೆ ಧ್ವನಿ ಎಡಿಟರ್ ಸಾಕಾಯಿತು. ಅದರಲ್ಲಿ ಇಂಪೋರ್ಟ್, ಆಮೇಲೆ ರಾ ಡೇಟಾ ಅಂತ ಆರಿಸಿ, ರೆಕಾರ್ಡರಿನ ಸೆಟ್ಟಿಂಗ್ ಕೊಡಬೇಕು. ನಮ್ಮದು 16 ಬಿಟ್, ಸ್ಟೀರಿಯೋ, 44,100 ಹರ್ಟ್ಸ್. ಈ ಲೆಕ್ಕದಲ್ಲಿ 150 ಕೆಬಿ ಒಂದು ಸೆಕೆಂಡೂ ಆಗುವುದಿಲ್ಲ! ಶುರುವಿನಲ್ಲಿ ಜೋರಾಗಿ ಕರಕರ ಸದ್ದು ಬರುತ್ತದೆ, ಹೆಡ್‌ಫೋನ್ ಹಾಕಿದ್ದರೆ ವಾಲ್ಯೂಮ್ ತಗ್ಗಿಸಿಕೊಳ್ಳಿ. ಆ ಚೂರನ್ನು ಕತ್ತರಿಸಿ ಹೊಸದಾಗಿ ಉಳಿಸಿದರೆ ಮುಗಿಯಿತು. ಸೆಟ್ಟಿಂಗ್ ತಪ್ಪಿದರೆ ದನಿ ಎಳೆದಂತೆ ಅಥವಾ ಓಡಿದಂತೆ ಕೇಳಿಸುತ್ತದೆ, ಇಲ್ಲವೇ ಬರೀ ಸದ್ದು. ಬದಲಿಸಿ ನೋಡಿ. ಒಂದೊಂದೇ ಫೈಲ್ ಹೀಗೆ ಮಾಡಬೇಕಾದ್ದರಿಂದ ಹಲವು ಸಂಜೆಗಳು ಬೇಕಾದವು. ಹುಡುಗನೇ ಪಟ್ಟು ಹಿಡಿದು ಕೂತು ಹೆಚ್ಚಿನವನ್ನು ಮಾಡಿದ.

ಫೋಟೋಗಳ ವಿಷಯದಲ್ಲಿ ಇಷ್ಟು ಸಂತೋಷ ಸಿಗಲಿಲ್ಲ. ದೊಡ್ಡ ಫೋಟೋಗಳಿಗೆ ಅದೇ ಕ್ಯಾಮೆರಾದ ಇನ್ನೊಂದು ಒಳ್ಳೆಯ ಫೋಟೋ ಫೈಲಿನ ಶುರುವಿನ ಭಾಗ ಜೋಡಿಸಿ ಸರಿಪಡಿಸುವ ಸಾಧನಗಳಿವೆ. ಮೇಲಿನ ಒಂದು ಪಟ್ಟಿ ಹೋಗಿ ಕೆಳಗಿನದು ಬರುತ್ತದೆ, ಬಣ್ಣವೂ ಕೆಲವೊಮ್ಮೆ ಏರುಪೇರಾಗಿರುತ್ತದೆ. ಫೋಟೋದ ಮೇಲ್ಭಾಗದಲ್ಲೇ ಮುಖ ಇದ್ದರೆ ಏನು ಪ್ರಯೋಜನ? ಸಣ್ಣ ಫೋಟೋಗಳು, ಟೈಪ್ ಮಾಡಿದ ಪುಟಗಳು 150 ಕೆಬಿಗಿಂತ ಚಿಕ್ಕವು. ಅವು ಪೂರ್ತಿ ಬೀಗದೊಳಗೆ. ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ಪ್ರತಿಗಳನ್ನೂ ವೈರಸ್ ಅಳಿಸಿತ್ತು. ಫೋಟೋರೆಕ್ ಎಂಬ ಪುಕ್ಕಟೆ ಸಾಧನ ಡಿಸ್ಕಿನ ಮೂಲೆಗಳಿಂದ ಹಿಂದೆ ಯಾವಾಗಲೋ ಅಳಿಸಿದ್ದ ಕೆಲವು ಚಿತ್ರಗಳನ್ನು ಹೆಕ್ಕಿ ತಂದಿತು, ಹೆಸರಿಲ್ಲದೆ.

ಉಳಿದದ್ದನ್ನು ಜನರಿಂದ ಕೂಡಿಸಿದೆವು. ಅಪ್ಪ ಪತ್ರಿಕೆಗಳಿಗೆ ಕಳಿಸಿದ್ದ ಲೇಖನಗಳು ಅವರ ಜಿಮೇಲಿನ ಸೆಂಟ್ ಮೇಲ್‌ನಲ್ಲಿದ್ದವು. ಕಾಗದಕ್ಕೆ ಪ್ರಿಂಟ್ ತೆಗೆಸಿದ್ದು ಕೆಲವು ಸಿಕ್ಕವು. ಹಾಡಿದವರ ಮನೆಗಳಿಗೆ ಫೋನ್ ಮಾಡಿದೆವು. "ನಿಮ್ಮಪ್ಪ ತೆಗೆದ ಫೋಟೋಕ್ಕೆ ಕಟ್ಟು ಹಾಕ್ಸಿ ಗೋಡೆಗೆ ಹಾಕಿದ್ದೀವಿ, ಬಂದು ತೆಕ್ಕೊಂಡು ಹೋಗಿ" ಅಂದರು ಒಬ್ಬರು. ಅಂಥ ಫೋಟೋಗಳನ್ನು ಸ್ಕ್ಯಾನ್ ಮಾಡಿಸಿದೆ. ವಾಟ್ಸಾಪಿನಲ್ಲಿ ಹಂಚಿದ್ದವೂ ಬಂದವು, ಸ್ವಲ್ಪ ಮಸುಕಾದರೂ ಇಲ್ಲದ್ದಕ್ಕಿಂತ ಒಳ್ಳೆಯದಲ್ವಾ?

ಈ ನಡುವೆ ಇನ್ನೊಂದು ಪೆಟ್ಟು ಬಿತ್ತು. ಅಕ್ಕನ ಮಗನ ಇನ್‌ಸ್ಟಾಗ್ರಾಮ್ ಖಾತೆಯಿಂದ ಕ್ರಿಪ್ಟೋದಲ್ಲಿ ದುಡ್ಡು ಹಾಕಿ ಅನ್ನುವ ಪೋಸ್ಟುಗಳು ಹೋಗತೊಡಗಿದವು. ಈ ವೈರಸ್ ಒಂಟಿಯಾಗಿ ಬರುವುದು ಕಡಿಮೆಯಂತೆ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನು ಕದಿಯುವ ರೆಡ್‌ಲೈನ್, ವಿಡಾರ್‌ನಂಥವು ಜೊತೆಗೆ ಬರುತ್ತವೆ. ಅವು ಪಾಸ್‌ವರ್ಡ್ ಮಾತ್ರ ಅಲ್ಲ, ಲಾಗಿನ್ ಆಗಿರುವ ಗುರುತನ್ನೂ ಒಯ್ಯುತ್ತವೆ. ಆ ಗುರುತು ಇದ್ದರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಅದಕ್ಕೆ ಬೇರೆ ಸ್ವಚ್ಛ ಫೋನಿನಿಂದ ಪಾಸ್‌ವರ್ಡ್ ಬದಲಿಸಿ, ಜೊತೆಗೆ ಎಲ್ಲ ಸಾಧನಗಳಿಂದಲೂ ಲಾಗೌಟ್ ಮಾಡಿ ಅನ್ನುವುದನ್ನು ಒತ್ತಬೇಕು. ಮೊದಲು ಈಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದವು. ಈಮೇಲ್ ಕೈತಪ್ಪಿದರೆ ಉಳಿದ ಎಲ್ಲದರ ಪಾಸ್‌ವರ್ಡೂ ಅಲ್ಲಿಂದಲೇ ಬದಲಾಗುತ್ತದೆ. ಅಪ್ಪನ ನೆಟ್ ಬ್ಯಾಂಕಿಂಗಿನಿಂದ ದುಡ್ಡು ಹೋಗಿರಲಿಲ್ಲ. ಆದರೂ ಬ್ರಾಂಚಿಗೆ ಹೋಗಿ ಹೇಳಿ, ಪಾಸ್‌ವರ್ಡ್ ಬದಲಿಸಿ, ಡೆಬಿಟ್ ಕಾರ್ಡ್ ಹೊಸದು ಮಾಡಿಸಿದೆವು. ಫೈಲುಗಳ ಚಿಂತೆಯಲ್ಲಿ ಇದನ್ನು ಮುಂದಕ್ಕೆ ಹಾಕಬೇಡಿ. ಮೊದಲ ದಿನವೇ ಮಾಡುವ ಕೆಲಸ ಇದು.

ದೂರಿನ ವಿಷಯ. ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಪೋರ್ಟಲಿನಲ್ಲಿ ದೂರು ದಾಖಲಿಸಬಹುದು. ಖಾತೆಯಿಂದ ದುಡ್ಡು ಹೋಗಿದ್ದರೆ ಮಾತ್ರ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಕರ್ನಾಟಕದಲ್ಲಿ ಜಿಲ್ಲೆಗಳಲ್ಲಿ ಸಿಇಎನ್ ಪೊಲೀಸ್ ಠಾಣೆಗಳಿವೆ, ಸೈಬರ್ ಅಪರಾಧ ನೋಡಿಕೊಳ್ಳುವವರು ಅವರೇ. ನಾವು ಪೋರ್ಟಲಿನಲ್ಲಿ ಹಾಕಿ, ಆ ಸ್ವೀಕೃತಿ ಸಂಖ್ಯೆ ಹಿಡಿದುಕೊಂಡು ಠಾಣೆಗೂ ಹೋದೆವು. ಒಯ್ದದ್ದು: ಕನ್ನಡದಲ್ಲಿ ಬರೆದ ದೂರು, ಅಪ್ಪನ ಆಧಾರ್ ಪ್ರತಿ, ಬೆದರಿಕೆ ಪತ್ರದ ಪ್ರಿಂಟು, ಬೀಗ ಬಿದ್ದ ಫೋಲ್ಡರಿನ ಚಿತ್ರ, ಸಾಫ್ಟ್‌ವೇರ್ ಇಳಿಸಿದ ಪೇಜಿನ ವಿಳಾಸ ಮತ್ತು ಸಮಯ, ಆ ಎರಡು ಈಮೇಲ್ ವಿಳಾಸಗಳು. ಕ್ರ್ಯಾಕ್ ಇಳಿಸಿದ್ದಕ್ಕೆ ಮಗನ ಮೇಲೇ ಕೇಸು ಬೀಳುತ್ತದೇನೋ ಅಂತ ಅಕ್ಕ ಹೆದರಿದ್ದಳು. ಇದ್ದದ್ದನ್ನು ಇದ್ದ ಹಾಗೆ ಬರೆದೆವು. ಅಲ್ಲಿದ್ದ ಅಧಿಕಾರಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಮಾಧಾನವಾಗಿ ಕೇಳಿಕೊಂಡರು. ಹಳೆಯ ಡಿಸ್ಕನ್ನು ಅಳಿಸಬೇಡಿ, ಬೇಕಾದರೆ ಕೇಳುತ್ತೇವೆ ಅಂದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಂ ಇದಕ್ಕೆ ಹೊಂದುತ್ತದೆ, ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕಳ್ಳರು ಯಾವ ದೇಶದಲ್ಲಿದ್ದಾರೋ. ನಾಳೆ ಹಿಡಿಯುತ್ತಾರೆ ಅನ್ನುವ ನಂಬಿಕೆ ನನಗಿಲ್ಲ. ಆದರೂ ದೂರು ಕೊಡಿ. ನಿಮ್ಮ ಖಾತೆ, ನಿಮ್ಮ ಹೆಸರು ಮುಂದೆಲ್ಲಾದರೂ ದುರುಪಯೋಗವಾದರೆ ಆ ಕಾಗದ ನಿಮ್ಮನ್ನು ಕಾಯುತ್ತದೆ.

ಕೊನೆಗೆ ಕಂಪ್ಯೂಟರಿನ ಸರದಿ. ಹಳೆಯ ಹಾರ್ಡ್ ಡಿಸ್ಕನ್ನು ಬಿಚ್ಚಿ ತೆಗೆದು, ಹೊಸ ಎಸ್ಎಸ್‌ಡಿ ಹಾಕಿ, ಮೈಕ್ರೋಸಾಫ್ಟಿನ ಸೈಟಿನಿಂದಲೇ ವಿಂಡೋಸ್ ಇಳಿಸಿ ಹಾಕಿದೆ. 8 ಜಿಬಿಯ ಪೆನ್ ಡ್ರೈವ್ ಬೇಕಾಗುತ್ತದೆ. ಮೊದಲು ಕೊಂಡಿದ್ದ ಲೈಸೆನ್ಸ್ ನೆಟ್ಟಿಗೆ ಸೇರಿದ ಮೇಲೆ ತಾನೇ ಚಾಲೂ ಆಯಿತು, ಮತ್ತೆ ದುಡ್ಡು ಕೊಡಬೇಕಾಗಲಿಲ್ಲ. ವಾಪಸು ಬಂದ ಫೈಲುಗಳನ್ನು ತುಂಬಿಸುವ ಮೊದಲು ವಿಂಡೋಸಿನ ಡಿಫೆಂಡರಿನಿಂದ ಪೂರ್ತಿ ಸ್ಕ್ಯಾನ್ ಮಾಡಿದೆ. ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದವರೂ ಪುಕ್ಕಟೆ ಸಾಧನಗಳನ್ನು ಕೊಡುತ್ತಾರೆ, 2017ರಿಂದ ಇದೆ. ಅದರಿಂದಲೂ ಒಮ್ಮೆ ನೋಡಿದೆ. ಮನೆಯವರೆಲ್ಲ ಬಳಸುವ ಖಾತೆಗೆ ಈಗ ಅಡ್ಮಿನ್ ಅಧಿಕಾರವಿಲ್ಲ. ಏನನ್ನಾದರೂ ಇನ್‌ಸ್ಟಾಲ್ ಮಾಡಬೇಕಾದರೆ ಬೇರೆ ಪಾಸ್‌ವರ್ಡ್ ಕೇಳುತ್ತದೆ. ವಿಡಿಯೋ ಎಡಿಟಿಂಗಿಗೆ ಹುಡುಗ ಈಗ ಕೆಡೆನ್‌ಲೈವ್ ಬಳಸುತ್ತಿದ್ದಾನೆ, ಅದು ನಿಜವಾಗಿಯೂ ಪುಕ್ಕಟೆ. ಬ್ಯಾಕಪ್ ಡಿಸ್ಕು ಎರಡಾಗಿವೆ. ನಕಲು ಮುಗಿದ ತಕ್ಷಣ ಕಿತ್ತಿಡುತ್ತೇವೆ, ಒಂದು ಅಕ್ಕನ ಮನೆಯಲ್ಲಿರುತ್ತದೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಹೊರ ಡಿಸ್ಕಿಗೆ ನಾಲ್ಕೂವರೆ ಸಾವಿರದಷ್ಟು, ಎಸ್ಎಸ್‌ಡಿಗೆ ಮೂರು ಸಾವಿರ ಚಿಲ್ಲರೆ, ಪೆನ್ ಡ್ರೈವು, ಪ್ರಿಂಟು, ಸ್ಕ್ಯಾನು, ಬಸ್ಸು ಸೇರಿ ಇನ್ನೊಂದು ಸಾವಿರ. ಸಾಫ್ಟ್‌ವೇರಿಗೆ ಏನೂ ಇಲ್ಲ.

ಬೀಗದೊಳಗೆ ಉಳಿದಿರುವ ಫೈಲುಗಳನ್ನು ಅಳಿಸಿಲ್ಲ. ಹಳೆಯ ಡಿಸ್ಕಿನ ಮೇಲೆ "ವೈರಸ್ ಇದೆ, ಚುಚ್ಚಬೇಡಿ" ಅಂತ ಚೀಟಿ ಅಂಟಿಸಿ ಎತ್ತಿಟ್ಟಿದ್ದೇವೆ. ಆನ್‌ಲೈನ್ ಕೀಲಿಯನ್ನು ಲೆಕ್ಕ ಹಾಕಿ ಒಡೆಯಲು ಆಗುವುದಿಲ್ಲ. ಆದರೆ ಕಳ್ಳರೇ ಕೀಲಿ ಬಿಟ್ಟುಕೊಟ್ಟದ್ದು ಹಿಂದೆ ಆಗಿದೆ. 2016ರ ಮೇನಲ್ಲಿ ಟೆಸ್ಲಾಕ್ರಿಪ್ಟ್ ಎಂಬ ರಾನ್ಸಮ್‌ವೇರಿನವರು ಮುಖ್ಯ ಕೀಲಿಯನ್ನೇ ಕೊಟ್ಟರು. 2020ರ ಏಪ್ರಿಲ್‌ನಲ್ಲಿ ಶೇಡ್ ಎಂಬ ಇನ್ನೊಂದರವರು ಏಳೂವರೆ ಲಕ್ಷ ಕೀಲಿಗಳನ್ನು ಹೊರಗಿಟ್ಟರು. ಡಿಜೆವಿಯುಗೆ ಯಾವಾಗಲೋ, ಗೊತ್ತಿಲ್ಲ. ಆ ದಿನ ಬಂದರೆ ಬೀಗ ಬಿದ್ದ ಫೈಲು, ಬೆದರಿಕೆ ಪತ್ರ, ಐಡಿ ಫೈಲು ಮೂರೂ ಕೈಯಲ್ಲಿರಬೇಕು. ನೀವು ಎಲ್ಲವನ್ನೂ ಅಂಗಡಿಗೇ ವಹಿಸಿದರೂ ಹಳೆಯ ಡಿಸ್ಕನ್ನು ಕೇಳಿ ವಾಪಸು ತನ್ನಿ. ಅಪ್ಪ ಅಷ್ಟರವರೆಗೆ ಕಾಯುತ್ತಿಲ್ಲ. ಅಂಟಿಗೆ-ಪಂಟಿಗೆಯ ರೆಕಾರ್ಡಿಂಗ್ ಹಾಕಿಕೊಂಡು ಮತ್ತೆ ಟೈಪ್ ಮಾಡಲು ಕೂತಿದ್ದಾರೆ, ಈ ಸಲ ಎಲ್ಲ ಕಂಪ್ಯೂಟರುಗಳಲ್ಲೂ ಓದಲು ಬರುವ ಯೂನಿಕೋಡಿನಲ್ಲಿ.